ಪಹಣಿಯಲ್ಲಿ ಇನ್ನೂ ತಾತನ ಹೆಸರು

ಅಪ್ಪ ತೀರಿಕೊಂಡು, ತಿಥಿ ಮುಗಿದು, ನೆಂಟರೆಲ್ಲ ಊರಿಗೆ ಹೊರಟ ಮೇಲೆ ನಾನು ಆಲೂರಿಗೆ ಹೋಗಿ ಪಹಣಿ ತೆಗೆಸಿದೆ. ಮೂರು ಎಕರೆ ಕಾಫಿ ತೋಟ, ಕೆಳಗೆ ಒಂದಿಷ್ಟು ಗದ್ದೆ. ಸುಮಾರು ನಲವತ್ತು ವರ್ಷ ಅದನ್ನು ನೋಡಿಕೊಂಡವರು ಅಪ್ಪ. ಕಂದಾಯ ಕಟ್ಟಿದವರೂ ಅವರೇ. ಆದರೆ ಪಹಣಿಯಲ್ಲಿ ಅವರ ಹೆಸರೇ ಇರಲಿಲ್ಲ. 1987ರಲ್ಲಿ ತೀರಿಕೊಂಡ ತಾತನ ಹೆಸರಿತ್ತು. ಒಂದು ಸಾವಿನ ಕೆಲಸ ಎಂದುಕೊಂಡು ಹೋದವನಿಗೆ ಎರಡು ಸಾವಿನ ಕೆಲಸ ಬಿತ್ತು.

1987ರಲ್ಲೇ ಪೌತಿ ಖಾತೆ ಮಾಡಿಸಿದ್ದರೆ, ಅಂದರೆ ಸತ್ತವರ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರು ಬರೆಸಿದ್ದರೆ, ಆರು ಹೆಸರು ಬರುತ್ತಿತ್ತು. ಅಜ್ಜಿ, ಅಪ್ಪ, ಚಿಕ್ಕಪ್ಪ, ಮೂವರು ಅತ್ತೆಯರು. ಆಗ ಎಲ್ಲರೂ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದ ಊರುಗಳಲ್ಲೇ ಇದ್ದರು. ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ, ದೊಡ್ಡತ್ತೆ ಇಲ್ಲ. ಅಪ್ಪನ ಕಡೆಯಿಂದ ಅಮ್ಮ, ನಾನು, ತಂಗಿ. ದೊಡ್ಡತ್ತೆಯ ಕಡೆಯಿಂದ ಅವರ ಮೂವರು ಮಕ್ಕಳು. ಚಿಕ್ಕಪ್ಪ ಮತ್ತು ಉಳಿದ ಇಬ್ಬರು ಅತ್ತೆಯರು ಸೇರಿ ಒಂಬತ್ತು ಹೆಸರು. ಒಬ್ಬರು ಮಂಗಳೂರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ದುಬೈನಲ್ಲಿ.

ತಾತನ ಮರಣ ಪ್ರಮಾಣ ಪತ್ರವೂ ಇರಲಿಲ್ಲ. ಆ ಕಾಲದಲ್ಲಿ ಮನೆಯಲ್ಲಿ ತೀರಿಕೊಂಡವರ ಸಾವನ್ನು ಬರೆಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರಿಂದಲೇ ಇದೆ. ಸಾವನ್ನು 21 ದಿನದ ಒಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಅದಕ್ಕೆ ಕೋರ್ಟಿಗೇ ಹೋಗಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಎಂದಾಗಿದೆ. ಆದರೂ ಸತ್ತು ಮೂವತ್ತೈದು ವರ್ಷ ದಾಟಿದವರ ಸಾವಿಗೆ ಸಾಕ್ಷಿ ಹುಡುಕುವುದು ಸುಲಭವಲ್ಲ. ಊರಿನ ಇಬ್ಬರು ಹಿರಿಯರು ನೆನಪಿಟ್ಟುಕೊಂಡಿದ್ದರು ಎಂಬ ಒಂದೇ ಕಾರಣಕ್ಕೆ ನಮ್ಮ ಕೆಲಸ ಮುಂದೆ ಹೋಯಿತು.

ಇದು ನಮ್ಮ ಮನೆಯೊಂದರ ಕತೆಯಲ್ಲ. ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ಸತ್ತವರ ಹೆಸರಿನಲ್ಲೇ ಇವೆ. ಪಹಣಿಗೆ ಆಧಾರ್ ಜೋಡಿಸಲು ಗ್ರಾಮ ಆಡಳಿತ ಅಧಿಕಾರಿಗಳು ಮನೆಮನೆಗೆ ಬಂದಾಗ ಅದು ಎದ್ದು ಕಂಡಿತು. ಹೆಸರಿದೆ, ಆದರೆ ಆಧಾರ್ ಕೊಡಲು ಆ ಮನುಷ್ಯ ಇಲ್ಲ. ಸರ್ಕಾರ ಈಗ ಇ-ಪೌತಿ ಆಂದೋಲನ ನಡೆಸುತ್ತಿರುವುದು ಇದಕ್ಕೇ. ಭೂ ಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ವಾರಸುದಾರಿಕೆಯಿಂದ ಹಕ್ಕು ಬಂದವರು ಮೂರು ತಿಂಗಳ ಒಳಗೆ ತಿಳಿಸಬೇಕು. ಕಾಯ್ದೆ 1964ರದು. ಮೂರು ತಿಂಗಳ ಕೆಲಸವನ್ನು ನಾವು ಮೂರು ತಲೆಮಾರಿಗೆ ಎಳೆದಿದ್ದೇವೆ.

ಏಕೆ ಎಳೆಯುತ್ತೇವೆ? ಸೋಮಾರಿತನ ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಖಾತೆ ಬದಲಾಯಿಸೋಣ ಎಂದು ಮೊದಲು ಬಾಯಿ ಬಿಟ್ಟವನು ಆಸ್ತಿಗೆ ಕಣ್ಣು ಹಾಕಿದವನು ಎನ್ನಿಸಿಕೊಳ್ಳುತ್ತಾನೆ. ವಂಶವೃಕ್ಷ ಬರೆಸಿದರೆ ಹೆಣ್ಣುಮಕ್ಕಳ ಹೆಸರು ಬರುತ್ತದೆ, ಬಂದರೆ ಪಾಲಿನ ಮಾತು ಏಳುತ್ತದೆ. ಆ ಮಾತು ಏಳಬಾರದು ಎಂದೇ ಎಷ್ಟೋ ಮನೆಗಳು ತಾತನ ಹೆಸರನ್ನು ಹಾಗೇ ಬಿಟ್ಟಿರುತ್ತವೆ. ಈ ಹಳೇ ಕಾಗದದ ಭಾರ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂದು ನೋಡಿದರೆ ಜಾಸ್ತಿ ಕಾಣುವುದು ಹೆಂಗಸರೇ. ಗಂಡನನ್ನು ಕಳೆದುಕೊಂಡವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮನೆಗೆ ಬಂದ ಸೊಸೆಯರು.

ನಮ್ಮ ಅಮ್ಮನನ್ನೇ ನೋಡಿ. ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರು ಅವರು, ಸಂಘದ ಸದಸ್ಯತ್ವ ಅಪ್ಪನ ಹೆಸರಿನಲ್ಲಿ. ಸೊಸೈಟಿಯಲ್ಲಿ ಬೆಳೆ ಸಾಲ ಕೇಳಲು ಹೋದರೆ ಪಹಣಿಯಲ್ಲಿ ಹೆಸರಿಲ್ಲ. ನಮ್ಮ ಕಡೆ, ಅಂದರೆ ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ತೋಟಕ್ಕೆ ನುಗ್ಗಿ ಗಿಡ ಮುರಿದರೆ ಪರಿಹಾರದ ಅರ್ಜಿಗೂ ಪಹಣಿ ಬೇಕು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಅಷ್ಟೇ. ಆ ಯೋಜನೆಯಲ್ಲಿ 2019ರ ಫೆಬ್ರವರಿ 1ಕ್ಕೆ ಯಾರ ಹೆಸರಿನಲ್ಲಿ ಜಮೀನಿತ್ತು ಎನ್ನುವುದು ಲೆಕ್ಕ. ಆಮೇಲೆ ಕೊಂಡವರಿಗೆ ಅಡ್ಡಿ ಇದೆ, ಆದರೆ ಮನೆಯವರು ಸತ್ತು ವಾರಸಿನಿಂದ ಬಂದವರಿಗೆ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಅದನ್ನು ತೋರಿಸಲು ಖಾತೆ ಆಗಿರಬೇಕು, ಅಲ್ವಾ?

ಖಾತೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಹೆಸರು ಇಲ್ಲದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ಖಾತೆ ಇರುವುದು ಕಂದಾಯ ಯಾರು ಕಟ್ಟಬೇಕು ಎಂದು ತಿಳಿಯಲು. ಹಕ್ಕು ಹುಟ್ಟುವುದು ವಾರಸುದಾರಿಕೆಯ ಕಾನೂನಿನಿಂದ, ಉಯಿಲಿನಿಂದ ಅಥವಾ ನೋಂದಾಯಿಸಿದ ಪತ್ರದಿಂದ. ಹಾಗಾಗಿ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟು ಅಣ್ಣತಮ್ಮಂದಿರು ಮಾತ್ರ ಖಾತೆ ಮಾಡಿಸಿಕೊಂಡರೆ ಏನೂ ಗಟ್ಟಿಯಾಗುವುದಿಲ್ಲ. ಮುಂದೊಂದು ದಿನ ಮಾರಲು ಹೋದಾಗ, ಇಲ್ಲವೇ ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಆ ಬಿಟ್ಟ ಹೆಸರು ಎದ್ದು ಬರುತ್ತದೆ.

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎನ್ನುವುದು ಕರ್ನಾಟಕಕ್ಕೆ ಬಂದಿದ್ದು 1994ರ ಜುಲೈ 30ರಂದು. ಆಗ ಅದು ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಂದು ಇಡೀ ದೇಶಕ್ಕೆ ಬಂದ ತಿದ್ದುಪಡಿ ಮದುವೆಯ ಭೇದ ತೆಗೆದುಹಾಕಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ತಂದೆ ಸ್ವಂತ ದುಡಿದು ಮಾಡಿದ ಆಸ್ತಿಯಲ್ಲಂತೂ 1956ರಿಂದಲೇ ಮಗಳು ಮಗನಷ್ಟೇ ಹಕ್ಕುದಾರಳು. ಇಷ್ಟು ವರ್ಷ ಆದರೂ ನಮ್ಮಲ್ಲಿ ಇನ್ನೂ "ಅವರಿಗೆ ಕೊಡಬೇಕಾದ್ದು ಮದುವೆಯಲ್ಲಿ ಕೊಟ್ಟಾಯ್ತಲ್ಲ" ಎನ್ನುತ್ತಾರೆ. ಕಾನೂನಿಗೆ ಆ ಲೆಕ್ಕ ಗೊತ್ತಿಲ್ಲ. ಅಕ್ಕತಂಗಿಯರು ನಿಜವಾಗಿ ಬೇಡ ಎಂದರೆ ಅದನ್ನು ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರದಲ್ಲಿ ಅವರೇ ಹೇಳಬೇಕು.

ಸಹಿ ಕೇಳಲು ಹೋದಾಗ ಚಿಕ್ಕತ್ತೆ ಕಾಫಿ ಕೊಟ್ಟು ಕೂರಿಸಿ ಹೇಳಿದ ಮಾತು ಮರೆಯಲು ಆಗಿಲ್ಲ. "ನಂಗೆ ಜಮೀನು ಬೇಕು ಅಂತಲ್ಲ ಕಣಪ್ಪ. ನಿಮ್ಮಪ್ಪ ಇರೋವಾಗ ಒಂದು ಮಾತು ಕೇಳಬೋದಿತ್ತು." ಮೂವತ್ತೈದು ವರ್ಷ ಅವರ ಹೆಸರನ್ನು ಒಂದು ಕಾಗದದಲ್ಲೂ ಯಾರೂ ಬರೆದಿರಲಿಲ್ಲ. ಈಗ ನಮಗೆ ಬೇಕಾದಾಗ ಹೋಗಿ ಕೇಳಿದೆವು.

ಜಮೀನಿನ ಕಾಗದ ಹಳೆಯದಾದರೆ ಕಣ್ಣಿಗೆ ಕಾಣುತ್ತದೆ. ನಾಮಿನಿ ಹೆಸರು ಹಳೆಯದಾದರೆ ಕಾಣುವುದಿಲ್ಲ. ನನಗೆ ಹೆಚ್ಚು ಭಯ ಇರುವುದು ಅಲ್ಲಿ.

ನಮ್ಮ ಕಡೆಯ ಹುಡುಗರ ದಾರಿ ಸಾಮಾನ್ಯವಾಗಿ ಹೀಗೆ. ಇಪ್ಪತ್ತೆರಡಕ್ಕೆ ಬೆಂಗಳೂರಿನಲ್ಲಿ ಕೆಲಸ. ಮೊದಲ ದಿನ ಪಿಎಫ್ ಫಾರಂ ತುಂಬುವಾಗ ನಾಮಿನಿ ಅಮ್ಮ, ಇಲ್ಲಾಂದ್ರೆ ಅಣ್ಣ. ಊರಿನ ಏಜೆಂಟರು ಮಾಡಿಸಿದ ಎಲ್‌ಐಸಿ ಪಾಲಿಸಿಗೂ ಅಮ್ಮ. ಮೂವತ್ತಕ್ಕೆ ಮದುವೆ, ಮೂವತ್ತೆರಡಕ್ಕೆ ಮಗು. ಮನೆ ಪೂರ್ತಿ ಬದಲಾಗಿದೆ, ಫಾರಂ ಇಪ್ಪತ್ತೆರಡರದ್ದೇ. ಅಮ್ಮನ ಹೆಸರು ತೆಗೆದು ಹೆಂಡತಿಯದು ಹಾಕಿದರೆ ಅಮ್ಮ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇರೆ.

ಇಂಥದ್ದೇ ಒಂದು ಪ್ರಕರಣ 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದಲ್ಲಿ ತೀರ್ಮಾನವಾಯಿತು. ಮದುವೆಗೆ ಮುಂಚೆ ವಿಮೆ ಮಾಡಿಸಿ ತಾಯಿಯನ್ನು ನಾಮಿನಿ ಮಾಡಿದ್ದ ಒಬ್ಬರು, ಮದುವೆಯಾಗಿ ಮಗು ಹುಟ್ಟಿದ ಮೇಲೂ ಹೆಸರು ಬದಲಾಯಿಸಿರಲಿಲ್ಲ. ಅವರು ತೀರಿಕೊಂಡಾಗ ಅತ್ತೆ, ಸೊಸೆ ಕೋರ್ಟಿನಲ್ಲಿ ಎದುರು ಬದುರು ನಿಂತರು. 2015ರಲ್ಲಿ ವಿಮಾ ಕಾಯ್ದೆಗೆ ಬಂದ ತಿದ್ದುಪಡಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣ ಅನುಭವಿಸುವ ಹಕ್ಕೂ ಅವರದೇ ಎನ್ನುತ್ತದೆ. ತಾಯಿಯ ವಾದ ಅದೇ ಆಗಿತ್ತು. ಕೋರ್ಟು ಒಪ್ಪಲಿಲ್ಲ. ವಾರಸುದಾರರು ಹಕ್ಕು ಕೇಳಿದರೆ ವಾರಸುದಾರಿಕೆಯ ಕಾನೂನೇ ನಡೆಯಬೇಕು ಎಂದು ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಮಾಡಿತು. ತೀರ್ಪು ನ್ಯಾಯವಾಗಿಯೇ ಇದೆ. ಆದರೆ ಮನೆಯ ದುಡಿಯುವ ಮನುಷ್ಯ ಹೋದ ಮೇಲೆ ಆ ಹಣ ಕೈಗೆ ಬರಬೇಕಿದ್ದು ತಿಂಗಳೊಪ್ಪತ್ತಿನಲ್ಲಿ. ಬಂದಿದ್ದು ವರ್ಷಗಳ ಮೇಲೆ. ಆ ಹುಡುಗ ಒಂದು ಫಾರಂನಲ್ಲಿ ಇಂತಿಷ್ಟು ಅಮ್ಮನಿಗೆ, ಇಂತಿಷ್ಟು ಹೆಂಡತಿಗೆ ಎಂದು ಬರೆದಿದ್ದರೆ ಆ ಅಜ್ಜಿ ಮೊಮ್ಮಗನ ಎದುರು ಕಟಕಟೆಗೆ ಬರುತ್ತಿರಲಿಲ್ಲ.

ಬ್ಯಾಂಕ್ ಠೇವಣಿ, ಷೇರು, ಮ್ಯೂಚುವಲ್ ಫಂಡ್‌ಗಳಲ್ಲಂತೂ ನಾಮಿನಿ ಎಂದರೆ ಹಣ ಇಸಿದುಕೊಂಡು ಹಕ್ಕುದಾರರಿಗೆ ತಲುಪಿಸುವ ವ್ಯಕ್ತಿ ಮಾತ್ರ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲೇ ಹೇಳಿತ್ತು. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಹೇಳಿತು. ಆದರೆ ನಾಮಿನಿಗೆ ಬೆಲೆಯೇ ಇಲ್ಲ ಎಂದು ತಿಳಿಯಬೇಡಿ. ಕೌಂಟರಿನಲ್ಲಿ ಹಣ ಬೇಗ ಕೊಡುವುದು ನಾಮಿನಿಗೇ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಎಲ್ಲ ಕಾಗದ ಕೊಟ್ಟ 15 ದಿನದಲ್ಲಿ ಬ್ಯಾಂಕು ಹಣ ಕೊಡಬೇಕು, ತಡವಾದರೆ ಪರಿಹಾರವನ್ನೂ ಕೊಡಬೇಕು. ನಾಮಿನಿ ಇಲ್ಲದ ಖಾತೆಗಳಿಗೂ 15 ಲಕ್ಷ ರೂಪಾಯಿವರೆಗೆ ಸರಳ ದಾರಿ ಇದೆ, ಸಹಕಾರಿ ಬ್ಯಾಂಕುಗಳಲ್ಲಿ ಅದು 5 ಲಕ್ಷ. ಅದಕ್ಕಿಂತ ಹೆಚ್ಚಿದ್ದರೆ ಉತ್ತರಾಧಿಕಾರ ಪ್ರಮಾಣ ಪತ್ರದಂಥ ದಾಖಲೆ ಕೇಳಬಹುದು. ಅದನ್ನು ಕೊಡುವುದು ಸಿವಿಲ್ ಕೋರ್ಟು. ನಾಡಕಚೇರಿಯ ವಂಶವೃಕ್ಷ ಅದರ ಜಾಗದಲ್ಲಿ ನಿಲ್ಲುವುದಿಲ್ಲ.

2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಹಾಕಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಲಾಕರಿಗೆ ಮಾತ್ರ ಒಬ್ಬರಾದ ಮೇಲೆ ಒಬ್ಬರು. ಅಮ್ಮನೋ ಹೆಂಡತಿಯೋ ಎಂಬ ಸಂಕಟ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ. ಹತ್ತು ವರ್ಷದಿಂದ ಈ ವಿಷಯದಲ್ಲಿ ಆದ ಬದಲಾವಣೆಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ.

ಪಿಎಫ್‌ನ ನಿಯಮ ಬೇರೆ. ಅಲ್ಲಿ ಕುಟುಂಬ ಎಂದರೆ ಯಾರು ಎಂದು ಯೋಜನೆಯೇ ಹೇಳುತ್ತದೆ, ಅದರಲ್ಲಿ ಅಣ್ಣತಮ್ಮ, ಅಕ್ಕತಂಗಿ ಇಲ್ಲ. ಕುಟುಂಬ ಇಲ್ಲದಿದ್ದಾಗ ಅಣ್ಣನನ್ನು ನಾಮಿನಿ ಮಾಡಿದ್ದರೆ, ಕುಟುಂಬ ಬಂದ ಕೂಡಲೇ ಅದು ತಾನಾಗೇ ರದ್ದು. ಹೊಸದು ಹಾಕದಿದ್ದರೆ ನಾಮಿನಿ ಇಲ್ಲದ ಲೆಕ್ಕ. ಹಾಸನದ ಗಾರ್ಮೆಂಟ್ಸ್‌ಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಮದುವೆಗೆ ಮುಂಚೆಯೇ ಕೆಲಸಕ್ಕೆ ಸೇರಿರುತ್ತಾರೆ. ಅವರ ಫಾರಂನಲ್ಲಿ ಏನಿದೆ ಎಂದು ಅವರಿಗೇ ನೆನಪಿರುವುದಿಲ್ಲ. ವಿಚ್ಛೇದನದಲ್ಲಿ ಇನ್ನೊಂದು ಥರ. ವಿಚ್ಛೇದನ ಪಡೆದವರು ವಾರಸುದಾರರಲ್ಲ, ಆದರೆ ಬ್ಯಾಂಕ್ ಖಾತೆಯಲ್ಲಿ ನಾಮಿನಿಯಾಗಿ ಬರೆದ ಹೆಸರು ನಾವು ತೆಗೆಸುವ ತನಕ ಅಲ್ಲೇ ಇರುತ್ತದೆ. ಕೋರ್ಟು ಬ್ಯಾಂಕಿಗೆ ಹೋಗಿ ಹೇಳುವುದಿಲ್ಲ.

ಹೆಸರಿನ ಗೊಂದಲವೂ ಹೆಂಗಸರಿಗೇ ಜಾಸ್ತಿ. ನಮ್ಮ ಕಂದಾಯ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ "ಬಿನ್" ಎಂದು ತಂದೆಯ ಹೆಸರು. ಹೆಂಗಸಿನ ಹೆಸರಿನ ಮುಂದೆ "ಕೋಂ" ಎಂದು ಗಂಡನ ಹೆಸರು. ಗಂಡಸಿನ "ಬಿನ್" ಸಾಯುವ ತನಕ ಒಂದೇ. ಶಾಲೆಯ ದಾಖಲೆಯಲ್ಲಿ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಹಣಿಯಲ್ಲಿ ಕೋಂ ಇರುವ ಹೆಣ್ಣುಮಗಳು ಮೂವರೂ ತಾನೇ ಎಂದು ಅಫಿಡವಿಟ್ ಮಾಡಿಸಬೇಕು. ಮದುವೆಯಾದ ಮೇಲೆ ಹೆಸರು ಬದಲಾಯಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ನನ್ನ ತಂಗಿಗೆ ನಾನು ಹೇಳಿದ್ದು ಅದೇ, ಇದ್ದ ಹೆಸರನ್ನೇ ಇಟ್ಟುಕೋ, ಬದಲಾಯಿಸುವುದಾದರೆ ಎಲ್ಲ ಕಡೆ ಒಂದೇ ಸಲ ಬದಲಾಯಿಸು.

ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ ಆಗಿದ್ದು ತೀರಿಕೊಂಡರೆ, ಕಾರ್ಡು ತಿದ್ದಿಸುವ ತನಕ ಸೊಸೆಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದಿಲ್ಲ. ಇದನ್ನಂತೂ ತಡ ಮಾಡಲೇಬಾರದು.

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ವಸ್ತು ಇರುತ್ತದೆ, ಕೋವಿ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿದ್ದರೆ ಅವರು ಹೋದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಒಪ್ಪಿಸಿ, ಆಮೇಲೆ ಮಗನೋ ಮಗಳೋ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಮೂಲೆಯಲ್ಲಿ ಸುಮ್ನೆ ಬಿದ್ದಿದೆ ಎಂದು ಬಿಟ್ಟರೆ ಅದು ಆಯುಧ ಕಾಯ್ದೆಯ ತಪ್ಪು. ಅಪ್ಪನ ಜೀಪು, ಸ್ಕೂಟರ್‌ಗೂ ಹೀಗೇ ಗಡುವು ಇದೆ. 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು.

ಇನ್ನು ಉಯಿಲು. ಉಯಿಲು ಎಂದರೆ ಸಾಯುವ ಕಾಲದ ಮಾತು ಎಂದು ನಮ್ಮಲ್ಲಿ ಬಾಯಿ ಮುಚ್ಚಿಸುತ್ತಾರೆ. ಅದಕ್ಕೆ ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು, ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡದಿದ್ದರೆ ಒಳ್ಳೆಯದು. ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದು ನಡೆಯುತ್ತದೆ. ಹಿಂದೂಗಳಲ್ಲಿ ಮದುವೆಯಾದರೆ ಹಳೆಯ ಉಯಿಲು ರದ್ದಾಗುವುದಿಲ್ಲ. ಮದುವೆಗೆ ಮುಂಚೆ ಬರೆದದ್ದು ಹಾಗೇ ಉಳಿದು ಹೆಂಡತಿಯನ್ನು ಹೊರಗಿಡಬಹುದು. ಕ್ರೈಸ್ತರಲ್ಲಿ ಇದಕ್ಕೆ ತದ್ವಿರುದ್ಧ, ಮದುವೆಯಾದರೆ ಹಳೆಯ ಉಯಿಲು ರದ್ದು, ಹೊಸದಾಗಿ ಬರೆಯಬೇಕು. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಯಿಲು ಬರೆಯುವಂತಿಲ್ಲ. ಸಕಲೇಶಪುರದ ಒಂದೇ ಬೀದಿಯಲ್ಲಿ ಈ ಮೂರೂ ಮನೆಗಳು ಇರುತ್ತವೆ, ಆದ್ದರಿಂದ ಪಕ್ಕದ ಮನೆಯವರು ಮಾಡಿದ್ದನ್ನು ನೋಡಿ ನಾವೂ ಹಾಗೇ ಮಾಡಿದರೆ ಆಗುವುದಿಲ್ಲ.

ಹೆಂಗಸರು ಉಯಿಲು ಬರೆಯಬೇಕಾದ ಕಾರಣ ಇನ್ನೂ ದೊಡ್ಡದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಓದಿದರೆ ಬೇಜಾರಾಗುತ್ತದೆ. ಗಂಡನೂ ಇಲ್ಲದ, ಮಕ್ಕಳೂ ಇಲ್ಲದ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ ಅವಳು ಸ್ವಂತ ದುಡಿದ ಹಣ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತ ಅಪ್ಪ ಅಮ್ಮ ಅವರ ಹಿಂದೆ. ತವರಿನಿಂದ ವಾರಸಾಗಿ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ವಾಪಸ್ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಹೆಂಗಸರು ಉಯಿಲು ಬರೆದಿಡಬೇಕು ಎಂದು ಮನವಿಯನ್ನೇ ಮಾಡಿತು. ಕೋರ್ಟೇ ಹೀಗೆ ಕೇಳಿಕೊಳ್ಳುವಂತಾಗಿದೆ ಎಂದರೆ ಕಾನೂನನ್ನೇ ತಿದ್ದುವ ಹೊತ್ತು ಬಂದಿದೆ ಎಂದು ನನಗನ್ನಿಸುತ್ತದೆ. ಅಲ್ಲಿಯವರೆಗೆ ಒಂದು ಬಿಳಿ ಹಾಳೆಯೇ ಗತಿ.

ವಯಸ್ಸಾದವರಿಗೆ ಒಂದು ಮಾತು. ಮುಂದೆ ಮಕ್ಕಳಿಗೆ ತೊಂದರೆ ಬೇಡ ಎಂದು ಬದುಕಿರುವಾಗಲೇ ಎಲ್ಲವನ್ನೂ ದಾನಪತ್ರ ಮಾಡಿ ಕೊಟ್ಟುಬಿಡುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ದಯವಿಟ್ಟು ಅವಸರ ಮಾಡಬೇಡಿ. ದಾನಪತ್ರ ನೋಂದಣಿ ಆದ ದಿನವೇ ಆಸ್ತಿ ಕೈಬಿಡುತ್ತದೆ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳದ ಮಕ್ಕಳಿಂದ ಆಸ್ತಿ ವಾಪಸ್ ಪಡೆಯಬಹುದು. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಆ ದಾರಿ ಬಹಳ ಕಷ್ಟ. ಕೊಡುವುದೇ ಆದರೆ ಷರತ್ತು ಬರೆಸಿ. ಇಲ್ಲವಾದರೆ ಉಯಿಲು ಬರೆದು ಖಾತೆ ನಿಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಕೆಲಸ ಇನ್ನೂ ಮುಗಿದಿಲ್ಲ. ಡೈರಿಯ ಸದಸ್ಯತ್ವ ಅಮ್ಮನ ಹೆಸರಿಗೆ ಬಂತು. ಬ್ಯಾಂಕಿನಲ್ಲಿ ಅವರ ಖಾತೆಗೆ ನಾಮಿನಿ ಬರೆಸಲು ಕರೆದುಕೊಂಡು ಹೋಗಿದ್ದೆ. ನನ್ನ ಹೆಸರು, ತಂಗಿಯ ಹೆಸರು ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಹೆಂಡತಿಯ ಹೆಸರನ್ನೂ ಸೇರಿಸಲು ಹೇಳಿದರು. ಯಾರಿಗೆ ಎಷ್ಟು ಎಂದು ಕ್ಲರ್ಕ್ ಕೇಳಿದಾಗ, "ತಂಗಿಗೆ ನಲವತ್ತು, ಇವರಿಬ್ಬರಿಗೆ ಮೂವತ್ತು ಮೂವತ್ತು" ಎಂದರು, ಮೊದಲೇ ಯೋಚಿಸಿಟ್ಟುಕೊಂಡವರ ಹಾಗೆ. ತೋಟದ ಪೌತಿ ಖಾತೆಗೆ ಅರ್ಜಿ ಹಾಕಲು ಒಂಬತ್ತು ಜನರಲ್ಲಿ ಎಂಟು ಜನರ ಕಾಗದ ಸೇರಿದೆ. ದೊಡ್ಡತ್ತೆಯ ಮಗ ಯುಗಾದಿಗೆ ದುಬೈನಿಂದ ಬರುತ್ತಾನಂತೆ. ಅಲ್ಲಿಯವರೆಗೆ ಪಹಣಿಯಲ್ಲಿ ತಾತನ ಹೆಸರೇ ಇರುತ್ತದೆ.